ಅವ್ವನ ಬಾಯಿಗೆ ಮನೆ ಹಾಲು

ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದ ಅಣ್ಣ ಗುರುಪ್ರಕಾಶನ ಕೈಯಿಂದ ಕೋಮಲ ಅದನ್ನು ಕಿತ್ತುಕೊಂಡಳು.

"ಅವ್ವನ ಬಾಯ್ಗೆ ಅಂಗ್ಡಿ ಹಾಲು ಬುಡ್ತೀಯಾ? ನಾಚ್ಕೆ ಆಗಕಿಲ್ವಾ ನಿಂಗೆ?"

ಜಗಲಿಯ ಗೋಡೆಗೊರಗಿಸಿ ಅವ್ವ ಶಿವರತ್ನಮ್ಮನನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹಾರ. ರಾತ್ರಿ ಮಲಗಿದವಳು ಬೆಳಗ್ಗೆ ಎದ್ದಿರಲಿಲ್ಲ. ಮಾಂಬಳ್ಳಿಯ ಗಂಡನ ಮನೆಯಿಂದ ಕೋಮಲ ಬಿದ್ದು ಎದ್ದು ಲೊಕ್ಕನಹಳ್ಳಿ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೆಣ ಎತ್ತುವ ಮೊದಲು ಮನೆಯವರು ಬಾಯಿಗೆ ಹನಿ ಹನಿ ಹಾಲು ಬಿಡಬೇಕು.

"ಮನೇಲಿ ಹಾಲಿಲ್ಲ ಕಣವ್ವ," ಸೋದರತ್ತೆ ಪುಟ್ಟಮಲ್ಲಮ್ಮ ಸೆರಗಿನಲ್ಲಿ ಮೂಗೊರೆಸಿದಳು.

"ಕೊಟ್ಗೇಲಿ ಕರಿಯೋ ಹಸ ನಿಂತದೆ, ಹಾಲಿಲ್ವಾ?"

"ನಿಮ್ಮಪ್ಪ ಬೆಳಗ್ಗೇನೇ ಕರ್ದು ಡೈರಿಗೆ ಆಕ್ಬುಟ್ಟ."

ಕೋಮಲಳಿಗೆ ಮೈಯೆಲ್ಲ ಉರಿದುಹೋಯಿತು. ಅಯ್ಯೋ ಶಿವನೇ! ಹೆಂಡತಿಯ ಹೆಣ ಒಳಗಿರುವಾಗ ಈ ಮನುಷ್ಯ ಕ್ಯಾನು ಹಿಡಿದು ಡೈರಿ ಮುಂದೆ ಸಾಲಿನಲ್ಲಿ ನಿಂತಿದ್ದನೇ!

"ಅವ್ವ ಓಗಿರದು ಗೊತ್ತಿತ್ತಾ ಅಪ್ಪ?"

ಕಂಬಕ್ಕೆ ಒರಗಿದ್ದ ಪುಟ್ಟಮಾದಪ್ಪ ತಲೆ ಎತ್ತಲಿಲ್ಲ. "ಗೊತ್ತಿತ್ತು. ಹಸ ಒಂದೇ ಸಮ ಅರಚ್ತಿತ್ತು, ಕರ್ದೆ. ಕರ್ದ ಮ್ಯಾಲೆ ಕಾಲು ಡೈರಿ ಕಡೀಕೇ ಓಯ್ತು ಕಣವ್ವ."

* * *

ಈ ಮನೆಯಲ್ಲಿ ಹಾಲಿನ ರುಚಿ ಕಂಡವರು ಯಾರು? ಚಿಕ್ಕಂದಿನಲ್ಲಿ ಜ್ವರ ಬಂದು ಕೋಮಲ ಹಾಲು ಕೇಳಿದರೆ, "ಡೈರಿಗೆ ಕಮ್ಮಿ ಆಯ್ತದೆ" ಎಂದು ಅಪ್ಪ ಗದರುತ್ತಿದ್ದ. ಅವನು ಡೈರಿಯಿಂದ ಬಂದ ಮೇಲೆ ಅವ್ವ ಖಾಲಿ ಕ್ಯಾನಿಗೆ ಒಂದು ಲೋಟ ನೀರು ಹುಯ್ದು ಚೆನ್ನಾಗಿ ಕುಲುಕುತ್ತಿದ್ದಳು. ಆ ಬೆಳ್ಳನೆ ನೀರು ಮಕ್ಕಳ ಟೀಗೆ. ಇನ್ನೊಂದು ಸಲ ನೀರು ಹಾಕಿ ಕುಲುಕಿದ್ದು ಅವಳ ಟೀಗೆ.

"ನೀನ್ಯಾಕವ್ವ ಅಂಥದ್ನ ಕುಡೀತೀಯೆ?"

"ಬಣ್ಣ ಬಂದ್ರೆ ಸಾಕು ಬುಡು ಮಗ."

ಹುಲ್ಲು ಹೊತ್ತವಳು ಅವಳು, ಸಗಣಿ ಬಾಚಿದವಳು ಅವಳು. ಹಾಲು ಮಾತ್ರ ಮುಖ ಕಾಣದವರ ಮನೆಗೆ ಹೋಗುತ್ತಿತ್ತು.

* * *

ಡೈರಿ ಸೆಕ್ರೆಟರಿ ಮಹದೇವು ಹಾರ ಹಿಡಿದುಕೊಂಡು ಅಂಗಳಕ್ಕೆ ಬಂದ. ಕೋಮಲ ಅವನ ಮೇಲೆ ಹರಿಹಾಯ್ದಳು.

"ನಮ್ಮ ಹಾಲು ವಾಪಸ್ ಕೊಡಣ್ಣ."

"ಎಲ್ಲಿಂದ ತಂದುಕೊಡ್ಲವ್ವ? ಊರ ಹಾಲೆಲ್ಲ ಒಂದ್ರಲ್ಲೇ ಬೆರ್ತೋಯ್ತು. ಟ್ಯಾಂಕರ್ ಬಂದು ತುಂಬ್ಕಂಡೂ ಓಯ್ತು."

"ಇನ್ನು ಪ್ಯಾಕೆಟ್ಟಾಗಿ, ಕ್ರೇಟಲ್ಲಿ ಕೂತ್ಕಂಡು ಕೊಳ್ಳೇಗಾಲದ ಅಂಗ್ಡಿಗೆ ಬತ್ತದೆ. ಅಲ್ಲೀಗಂಟ ನಮ್ಮವ್ವ ಬಾಯಿ ಬುಟ್ಕಂಡು ಕಾಯ್ಬೇಕಾ?"

ಮಹದೇವು ಹಾರ ಹಾಕಿ ಪಕ್ಕಕ್ಕೆ ಸರಿದ.

"ಯಾವ ಹಾಲಾದ್ರೇನು ಕೋಮಲ? ಹೊತ್ತಾಯ್ತಾ ಅದೆ," ಗುರುಪ್ರಕಾಶ ಗೊಣಗಿದ.

"ಆಗ್ಲಿ. ಇವತ್ತೊಂದಿನ ಅವ್ಳಿಗೋಸ್ಕರ ಎಲ್ರೂ ಕಾಯ್ರಿ!"

ಪ್ಯಾಕೆಟ್ಟನ್ನು ಮೆಟ್ಟಿಲ ಮೇಲೆ ಕುಕ್ಕಿ ಅವಳು ಕೊಟ್ಟಿಗೆಗೆ ನಡೆದಳು. ಹಸು ಒದೆಯಿತು. ಹಿಂಡಿದರೆ ಒಂದು ತೊಟ್ಟೂ ಬರಲಿಲ್ಲ. ಕರುವನ್ನು ಬಿಚ್ಚಿದಳು. ಅದು ಗುದ್ದಿ ಗುದ್ದಿ ಚೀಪಿದ ಮೇಲೆ ಹಸು ಸಮಾಧಾನವಾಗಿ ನಿಂತು ಹಾಲಿಳಿಸಿತು. ಕರುವಿನ ಮೂತಿಯನ್ನು ಒಂದು ಕಡೆಗೆ ತಳ್ಳಿ, ಅಂಗೈ ತುಂಬುವಷ್ಟು ಹಿಂಡಿಕೊಂಡಳು.

ಅಂಗಳದಲ್ಲಿ ಜನ ದಾರಿ ಬಿಟ್ಟರು. ಅವ್ವನ ತುಟಿ ಬಿಡಿಸಿ ಹಾಲನ್ನು ಮೆಲ್ಲಗೆ ಬಿಟ್ಟಳು.

"ಕುಡಿಯವ್ವ. ಇದ್ಕೆ ನೀರಾಕಿಲ್ಲ."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಬೆನ್ನ ಹಿಂದೆ ಅಪ್ಪ ಎದ್ದು ಬಂದಿದ್ದ. ಅಂಗೈ ಒಡ್ಡಿದ.

"ನಂಗೂ ಒಸಿ ಬುಡವ್ವ. ನಾನೂ ಅವ್ಳ ಬಾಯ್ಗೆ ಬುಡ್ತೀನಿ."

"ಮುಗ್ದೋಯ್ತು. ನಿಂಗೆ ಪ್ಯಾಕೆಟ್ ಅದಲ್ಲ, ತಕೋ."

ಪುಟ್ಟಮಾದಪ್ಪ ಮೆಟ್ಟಿಲ ಕಡೆ ನೋಡಿದ. ಅದನ್ನು ಮುಟ್ಟಲಿಲ್ಲ. ಪಂಚೆ ಎತ್ತಿಕಟ್ಟಿ ಕೊಟ್ಟಿಗೆಗೆ ಹೋದ.

ಹೊತ್ತು ಕಳೆಯಿತು. ಎತ್ತುವವರು ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತರು. "ಅಪ್ಪನ್ನ ಕರೀ ಮಗ," ಎಂದಳು ಅತ್ತೆ. ಕೋಮಲ ಕೊಟ್ಟಿಗೆಯ ಬಾಗಿಲವರೆಗೆ ಹೋಗಿ ನಿಂತಳು.

ಹೊಟ್ಟೆ ತುಂಬಿದ ಕರು ಪಕ್ಕದಲ್ಲಿ ಮಲಗಿತ್ತು. ಹಸುವಿನ ಪಕ್ಕೆಗೆ ಹಣೆ ಒತ್ತಿ, ಎಡಗೈ ಒಡ್ಡಿಕೊಂಡು, ಅಪ್ಪ ಬತ್ತಿದ ಮೊಲೆಗಳನ್ನು ಒಂದಾದ ಮೇಲೊಂದು ಹಿಂಡುತ್ತಲೇ ಇದ್ದ.