ಸಸ್ತಾ ಮನೆ, ಭಾರದ ಮಾಳಿಗೆ

ಭಾಗಮ್ಮ ತೀರಿಹೋದ ಸುದ್ದಿ ಮುದನಾಳಕ್ಕೆ ಬಂದಾಗ ಅವಳ ಅಣ್ಣ ಪಂಪಣ್ಣ ಲಿಂಗಪೂಜೆಗೆ ಕುಳಿತಿದ್ದ. ಹುಣಸಗಿ ಕಡೆಯ ಅವಳ ಊರಲ್ಲಿ ನಸುಕಿನಲ್ಲಿ, ಮುಂಗಾರಿಗೆ ಮೊದಲು ಬೀಳುವ ಅಡ್ಡಮಳೆಗೆ, ಮನೆಯ ಮಾಳಿಗೆ, ಅಂದರೆ ಮಣ್ಣು ಹೊದಿಸಿದ ಚಾವಣಿ, ಕುಸಿದಿತ್ತು. ಅವನು ಹೋಗುವಷ್ಟರಲ್ಲಿ ಮಣ್ಣು ಸರಿಸಿ ತಂಗಿಯನ್ನು ಅಂಗಳದಲ್ಲಿ ಮಲಗಿಸಿದ್ದರು. ನೆರೆದವರಲ್ಲಿ ಒಬ್ಬರು, "ಸಸ್ತಾ ಮನಿರಿ, ಹಿಂಗೇ ಆಗೋದು" ಎಂದರು. ಆ ಮಾತಿಗೆ ಪಂಪಣ್ಣನಿಗೆ ಸಿಟ್ಟು ಬಂತು. ತಂಗಿಗೆ ಮಣ್ಣು ಕೊಟ್ಟು ಅಲ್ಲೇ ಉಳಿದ.

ಮೂರನೆಯ ದಿನ ಭಾಗಮ್ಮನ ಮಗ ದೇವು, ಉಳಿದ ಕೋಣೆಯ ಮೇಲೆ ಹಾಕಲು ಒಂದು ಟ್ರಾಲಿ ಮಣ್ಣು ತರಿಸಿದ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವುದು ಊರಿನ ರೂಢಿ. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಬಡಿದು ಕೂಡಿಸುತ್ತಾರೆ. ಹನ್ನೆರಡು ವರ್ಷ ಹಾಗೆ ಹಾಕಿ ಹಾಕಿ ಮಣ್ಣು ಮೊಳಕಾಲುದ್ದ ಏರಿತ್ತು. ಅದರಡಿಯಲ್ಲೇ ದೇವುವಿನ ಹೆಂಡತಿ ಸರಿತಾ ಕೂಸಿಗೆ ಹಾಲೂಡಿಸುತ್ತಿದ್ದಳು.

ಪಂಪಣ್ಣ ಏಣಿಗೆ ಅಡ್ಡ ನಿಂತ. "ಈ ಮಣ್ಣು ನಿಮ್ಮವ್ವನ್ನ ನುಂಗಿದ್ದು ಸಾಲಲಿಲ್ಲೇನಲೇ?"

"ಸೋರಾಕತ್ತದ ಮಾವ. ಸಸ್ತಾದಾಗ ಕಟ್ಟಿದ ಮನಿ, ಮಣ್ಣು ಹಾಕ್ಲಿಲ್ಲಂದ್ರ ಹ್ಯಾಂಗ?"

"ನನ್ನ ತಂಗಿ ಜೀವನೂ ಸಸ್ತಾ ಇತ್ತೇನು?"

ಮನೆ ಕಟ್ಟುವ ಗೌಂಡಿ ಸುಲ್ತಾನಸಾಬನನ್ನು ಪಂಪಣ್ಣನೇ ಕರೆಸಿದ್ದ. ಅವನು ಒಳಗೆ ಬಂದು ಕೈಯೆತ್ತಿ ತೊಲೆಯ ಬಿರುಕು ತೋರಿಸಿದ. ಒಣಮಣ್ಣೇ ಭಾರ, ನೀರು ಕುಡಿದರೆ ಇನ್ನೂ ಭಾರ ಎಂದ. ದೇವು ಒಪ್ಪಲಿಲ್ಲ. ಅಪ್ಪನ ಕಾಲದಿಂದ ಹಾಕುತ್ತ ಬಂದಿದ್ದೇವೆ, ಬಡವರ ಮನೆಯ ಹಣೆಬರಹವೇ ಇಷ್ಟು ಎಂದು ಗೊಣಗಿದ.

ಸುಲ್ತಾನಸಾಬ ಅವನತ್ತ ತಿರುಗಿ ಹೇಳಿದ, "ನಂದೂ ಸಸ್ತಾ ಮನೀನೇ ದೇವು. ಸಸ್ತಾ ಅಂದ್ರ ಖರ್ಚು ಕಮ್ಮಿ ಅಂತ, ಗಟ್ಟಿತನ ಕಮ್ಮಿ ಅಂತಲ್ಲ. ನಾ ವರ್ಷಾ ಹಳಿ ಮಣ್ಣು ಇಳಿಸಿ, ತೊಲಿ ನೋಡಿ, ಆಮ್ಯಾಲ ತೆಳ್ಳಗ ಹೊಸಾದು ಹಾಕ್ತೀನಿ. ನೀ ಹೊರಿಸ್ಕೋತನೇ ಹೊಂಟಿ."

ದೇವು ಬಿರುಕಿನಲ್ಲಿ ಬೆರಳಿಟ್ಟು ನೋಡಿದ. ಬೆರಳು ಪೂರ್ತಿ ಒಳಗೆ ಹೋಯಿತು. ಸರಿತಾ ಯಾರನ್ನೂ ಕೇಳದೆ ಕೂಸನ್ನೆತ್ತಿಕೊಂಡು ಹೊರಗೆ ನಡೆದಳು. ದೇವು ಟ್ರಾಲಿಯನ್ನು ವಾಪಸು ಕಳಿಸಿದ.

ಸುಲ್ತಾನಸಾಬ ತೊಲೆಗೆ ಆಸರೆಯ ಕಂಬ ಕೊಟ್ಟ ಮೇಲೆಯೇ ಮಣ್ಣು ಇಳಿಸಲು ಬಿಟ್ಟ. ಪಂಪಣ್ಣನೂ ಬುಟ್ಟಿ ಹೊತ್ತ. ಸಿಟ್ಟು ಮಾತ್ರ ಇಳಿಯಲಿಲ್ಲ; ಅದೀಗ ತನ್ನ ಮೇಲೆಯೇ ತಿರುಗಿತ್ತು. ತಂಗಿಯ ಮನೆಗೆ ಪ್ರತಿ ವರ್ಷ ಬಂದು ಉಂಡು ಹೋಗಿದ್ದ ಅವನು ಒಮ್ಮೆಯೂ ತಲೆಯೆತ್ತಿ ಮಾಳಿಗೆಯನ್ನು ನೋಡಿರಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಇಂದೇ ನಿಮ್ಮ ಮಾಳಿಗೆಯನ್ನು ನೋಡಿರಿ. ತೊಲೆ ಬಾಗಿದ್ದರೆ, ಬಿರಿದಿದ್ದರೆ, ಗೋಡೆ ಉಬ್ಬಿದ್ದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿರಿ. ಬಲ್ಲ ಗೌಂಡಿಯನ್ನು ಕರೆಸಿರಿ. ಹಳೆಯ ಮಣ್ಣು ಇಳಿಸದೆ ಹೊಸದನ್ನು ಒಂದು ಬುಟ್ಟಿಯೂ ಹಾಕಬೇಡಿರಿ. ಯಾರಾದರೂ ಸತ್ತಾಗ "ಸಸ್ತಾ ಮನೆ" ಎಂದು ಹೇಳಿ ಕೈ ತೊಳೆದುಕೊಳ್ಳಬೇಡಿರಿ.

ಶಿವನು ಭಾಗಮ್ಮನನ್ನು ತನ್ನ ಪಾದದಲ್ಲಿ ಇಟ್ಟುಕೊಳ್ಳಲಿ. ಅವಳ ಆತ್ಮಕ್ಕೆ ಶಾಂತಿ ಸಿಗಲಿ.