ಸರಿದ ಗುರುತುಕಲ್ಲು

ಮಾಕಳಿಯ ಬಯಲಲ್ಲಿ ಅಗೆದ ಸಮಾಧಿಗುಂಡಿ ಮುಚ್ಚಲು ಜೆಸಿಬಿ ಬರುವುದು ನಾಲ್ಕಕ್ಕೆ. ಮೂರೂಕಾಲಿಗೆ, ಉತ್ಖನನದ ಅಳತೆ ಹಿಡಿಯುವ ಸಬಾ ಲ್ಯಾಪ್‌ಟಾಪ್‌ನಲ್ಲಿ ನಕ್ಷೆ ತೆರೆದಳು. ನಿನ್ನೆ ಅಳೆದು ಎತ್ತಿದ ಐದೂ ಮಡಕೆಗಳು ಪರದೆಯ ಮೇಲೆ ಗುಂಡಿಯ ಕಲ್ಲುಚಪ್ಪಡಿಯೊಳಕ್ಕೆ ತೂರಿಕೊಂಡು ಕೂತಿದ್ದವು.

ಕಲ್ಲಿನೊಳಗೆ ಮಡಕೆ ಇಡುವ ಪುಣ್ಯಾತ್ಮರು ಯಾವ ಕಾಲದಲ್ಲೂ ಇರಲಿಲ್ಲ. ತಪ್ಪಿದ್ದು ಅಳತೆ. ಮಡಕೆಗಳು ಆಗಲೇ ಕಚೇರಿ ಸೇರಿವೆ, ಗುಂಡಿಯ ತಳ ಕೆರೆದಾಗಿದೆ. ಫೋಟೋದಲ್ಲಿ ಅಂದಾಜು ಸಿಕ್ಕೀತು. ಸಾವಿರಾರು ವರ್ಷದ ಹಿಂದೆ ಸತ್ತವರ ಪಕ್ಕ ಯಾವುದನ್ನು ಎಲ್ಲಿಟ್ಟಿದ್ದರು ಎಂಬ ನಿಖರ ಲೆಕ್ಕ, ಜಾಗ ಅಳೆಯುವ ಟೋಟಲ್ ಸ್ಟೇಷನ್ ಯಂತ್ರದ ಅಂಕಿಗಳಲ್ಲಿ ಮಾತ್ರ ಇತ್ತು.

ಯಂತ್ರ ನಿಲ್ಲಿಸುತ್ತಿದ್ದ ಗುರುತುಕಲ್ಲಿನ ಬಳಿಗೆ ಓಡಿದಳು. ಕಲ್ಲು ತನ್ನ ಹಳೇ ಗುಳಿಯಿಂದ ಮೊಳದಷ್ಟು ಸರಿದಿತ್ತು. ದಿನಾ ಬೆಳಿಗ್ಗೆ ಕಲ್ಲಿನ ಜಾಗವನ್ನು ಇನ್ನೊಂದು ಗುರುತಿನ ಜೊತೆ ತಾಳೆ ನೋಡಿಯೇ ಕೆಲಸ ಶುರು ಮಾಡಬೇಕು. ನಿನ್ನೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಯಿತೆಂದು ಸಬಾ ಅದನ್ನು ಬಿಟ್ಟಿದ್ದಳು.

ಆದರೆ ಕಲ್ಲು ಇನ್ನೂ ನಿನ್ನೆಯ ಜಾಗದಲ್ಲೇ ಇದೆ. ಎಷ್ಟು ಸರಿದಿದೆಯೆಂದು ಅಳೆದರೆ ಅಂಕಿಗಳನ್ನೆಲ್ಲ ಅಷ್ಟೇ ತಿದ್ದಬಹುದು. ಬದುಕಿದೆಯಾ ಬಡಜೀವವೇ ಎಂದುಕೊಂಡು ಯಂತ್ರ ತಂದು ಕಲ್ಲಿನಿಂದ ನಾಲ್ಕು ಹೆಜ್ಜೆ ಆಚೆ ಜೋಡಿಸತೊಡಗಿದಳು.

ಅಷ್ಟರಲ್ಲಿ ಉತ್ಖನನದ ಮುಖ್ಯಸ್ಥ ರಘುನಾಥ್ ಬಂದರು. "ಯಾರಮ್ಮಾ ಈ ಕಲ್ಲು ಸರಿಸಿದ್ದು?"

ಮಣ್ಣು ಹೊರುವ ಪಿಳ್ಳಮ್ಮ ಮಂಕರಿ ಇಳಿಸಿದಳು. "ನಾನೇ ಸಾ, ಮೊನ್ನೆ ಸಂಜೆ. ಮೊದಲ್ನೇ ದಿನ ನೀವೇ ಕಾಯಿ ಒಡ್ದು ಪೂಜೆ ಮಾಡಿದ ಕಲ್ಲು. ಎಲ್ರೂ ತುಳ್ಕಂಡು ಓಡಾಡ್ತಿದ್ರು, ಅದ್ಕೇ ಪಕ್ಕಕ್ಕಿಟ್ಟೆ."

"ನಿನ್ನೆ ತೆಗೆದ ಅಳತೆಯನ್ನೆಲ್ಲ ಹಾಳ್ಮಾಡಿದ್ಯಲ್ಲಮ್ಮ!"

ತಾಳೆ ನೋಡದವಳು ನಾನು ಎಂದು ಸಬಾ ಅನ್ನಬೇಕಿತ್ತು. ಒಂದೇ ಮಾತು. ಅದನ್ನಾಡಲಿಲ್ಲ. ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತಾ ನಿಂತಳು. ಎಂಥ ನಾಚಿಕೆಗೇಡು!

ತಲೆಯೆತ್ತಿದಾಗ ಪಿಳ್ಳಮ್ಮ ಕಲ್ಲನ್ನು ಹೊಟ್ಟೆಗೊತ್ತಿ ಎತ್ತಿಕೊಂಡಿದ್ದಳು.

"ಅಯ್ಯೋ, ಮುಟ್ಬೇಡಿ!" ಸಬಾ ಕೂಗಿದಳು.

ಕಲ್ಲು ದೊಪ್ಪನೆ ಹಳೇ ಗುಳಿಯಲ್ಲಿ ಕೂತಿತು. ನಿನ್ನೆ ಅದಿದ್ದ ಗಟ್ಟಿ ನೆಲದಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

"ತಪ್ಪು ನಂದು ಸಾರ್," ಎಂದಳು ಸಬಾ, ಆಗ. "ನಿನ್ನೆ ನಾನು ತಾಳೆ ನೋಡ್ಲಿಲ್ಲ. ಕಲ್ಲು ಅಲ್ಲೇ ಇದ್ದಿದ್ರೆ ಎಲ್ಲಾ ಸರಿ ಮಾಡ್ಬಹುದಿತ್ತು."

ರಘುನಾಥ್ ಬಗ್ಗಿ ಗಟ್ಟಿ ನೆಲದ ಮೇಲೆ ಕೈಯಾಡಿಸಿ ಗುರುತು ಹುಡುಕತೊಡಗಿದರು.

ಇದೊಂದೂ ಅರ್ಥವಾಗದ ಪಿಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸಬಾಳ ಹತ್ತಿರ ಬಂದಳು. "ಮೊದ್ಲಿದ್ದಲ್ಲೇ ಇಟ್ಟಿವ್ನಿ ನೋಡವ್ವ, ಒಂದ್ ಕೂದ್ಲೂ ಆಚೀಚೆ ಆಗಿಲ್ಲ. ಇನ್ ಬೈಬ್ಯಾಡಿ ಅಂತ ನೀನಾದ್ರೂ ಸಾರ್ಗೆ ಯೋಳವ್ವ."