ಹಿತ್ತಲ ತವರು

ಹೊಳೆವ್ವ ಬೆಕ್ಕನ್ನು ಮತ್ತೊಮ್ಮೆ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಬಿಟ್ಟು ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಅದು ಅವಳಿಗಿಂತ ಮುಂಚೆ ಒಳಗೆ ಬಂದು ಯಂಕವ್ವನ ತೊಡೆಯ ಮೇಲೆ ಕುಳಿತಿತ್ತು. ಅದರದೇನು ತಪ್ಪು? ದಿನಾ ಬಿಸಿಲೇರುವ ಹೊತ್ತಿಗೆ ಯಂಕವ್ವ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂಡುವವಳೇ. ಇವತ್ತೂ ಹಾಗೆಯೇ ಕೂಡಿಸಿದ್ದರು. ಗದ್ದಕ್ಕೊಂದು ಬಿಳಿ ಅರಿವೆ ಕಟ್ಟಿದ್ದರು, ಹಣೆಗೆ ವಿಭೂತಿ ಹಚ್ಚಿದ್ದರು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು, ಅಷ್ಟೇ. ನಸುಕಿನಲ್ಲಿ ಹೊಳೆವ್ವ ಚಹಾ ಹಿಡಿದು ಎಬ್ಬಿಸಲು ಹೋದಾಗ ಆಕೆಯ ಕೈ ತಣ್ಣಗಾಗಿತ್ತು.

“ಬೆಕ್ಕು ಹೆಣಾ ಮುಟ್ಟಬಾರದು. ಕಟ್ಟಿ ಹಾಕ್ರಿ ಅದನ್ನ,” ಎಂದ ಕಟ್ಟೆಯ ಮೇಲಿಂದ ಪರಮೇಶಪ್ಪ. ಆತ ಹೊಳೆವ್ವನ ಗಂಡನ ದೊಡ್ಡಪ್ಪನ ಮಗ. ಮದುವೆ ಇರಲಿ, ಮಣ್ಣಿರಲಿ, ಶಾಸ್ತ್ರ ತಪ್ಪದಂತೆ ಕಾಯುವ ಗುತ್ತಿಗೆ ಹಿಡಿದವನು.

“ಕಟ್ಟಿ ಹಾಕಾಕ ಅದೇನು ಎಮ್ಮಿ ಏನ್ರಿ ಭಾವಾರ,” ಎಂದಳು ಹೊಳೆವ್ವ. ಹೇಳಿ, ನಗಲಿಕ್ಕೆಂದು ಯಂಕವ್ವನ ಕಡೆ ತಿರುಗಿದಳು. ಪರಮೇಶಪ್ಪನ ಮೇಲೆ ಮಾತು ಬಿಟ್ಟಾಗಲೆಲ್ಲ ಇಬ್ಬರೂ ಕಣ್ಣಲ್ಲೇ ನಗುವುದು ರೂಢಿ. ಯಂಕವ್ವನ ಕಣ್ಣು ಮುಚ್ಚಿತ್ತು. ಬೆಳಗಿನಿಂದ ಹೀಗೇ ಆಗುತ್ತಿತ್ತು, ಆಗಾಗ ಮರೆತುಹೋಗುತ್ತಿತ್ತು.

ಹುಚ್ಚಪ್ಪನಿಗೆ ಯಂಕವ್ವ ಮೊದಲನೆಯ ಹೆಂಡತಿ, ಹೊಳೆವ್ವ ಎರಡನೆಯವಳು. ಯಂಕವ್ವನಿಗೆ ಮಕ್ಕಳಾಗಲಿಲ್ಲವೆಂದು ಹೊಳೆವ್ವನನ್ನು ತಂದಿದ್ದರು. ಹುಚ್ಚಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ಸವತಿಯರಿಬ್ಬರು ಅವನನ್ನು ಹಂಚಿಕೊಂಡದ್ದಕ್ಕಿಂತ ಎಲೆ ಅಡಿಕೆ ಹಂಚಿಕೊಂಡದ್ದೇ ಹೆಚ್ಚು.

ಹೊಳೆವ್ವನ ಮಗ ಜಗದೀಶ ಅಂಗಳದಲ್ಲಿ ಫೋನು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಕೊನೆಗೆ ಫೋನು ಜೇಬಿಗಿಟ್ಟು ಬಂದ.

“ದೊಡ್ಡವ್ವನ ತವರು ಹಿರೇಕೆರೂರಿಂದ ಕರಬಸಪ್ಪ ಬರಾಂಗಿಲ್ಲಂತ. ಗೋವಿನಜೋಳ ಒಕ್ಕಾಕತ್ತೇವಿ, ಮೋಡ ಆಗೇತಿ, ನೀವ ಮುಗಿಸಿಬಿಡ್ರಿ ಅಂದ. ‘ಯಂಕವ್ವನ ಅಣ್ಣ ಇದ್ದಾಗಿನ ಮಾತು ಬ್ಯಾರೆ, ನಾ ದೂರದವ’ ಅಂದ.”

ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ. ಶೀಗೀಹುಣ್ಣಿಮೆ ಹತ್ತಿರ ಬಂದ ದಿನಗಳ ತಿಳಿಬಿಸಿಲು ಅಂಗಳದ ತುಂಬ ಚೆಲ್ಲಿತ್ತು.

ಪರಮೇಶಪ್ಪ ಕಟ್ಟೆಯಿಂದ ಇಳಿದ. “ತವರಿನ ಸೀರಿ ಉಡಿಸದ ಹೆಣ್ಣಿನ ಹೆಣಾ ಎತ್ತಿದ್ದು ನಮ್ಮ ಮನಿತನದಾಗ ಇಲ್ಲ.”

“ಹಾನಗಲ್ಲಿಗೆ ಹೋಗಿ ಒಂದು ಚಲೋ ಸೀರಿ ತರ್ತೇನಿ, ದೊಡ್ಡಪ್ಪ,” ಎಂದ ಜಗದೀಶ.

“ನೀ ತಂದ್ರ ಅದು ಗಂಡನ ಮನಿ ಸೀರಿ ಆಕ್ಕೈತಿ. ತವರಿನವರು ಯಾರೂ ಬರಲಿಲ್ಲಂದ್ರ ಬಸ್‌ಸ್ಟ್ಯಾಂಡಿನ್ಯಾಗ ಯಾರರ ಹಾದಿಹೋಕರನ್ನ ಕರದು, ಅವರ ಕೈಲಿಂದ ಹೊಚ್ಚಿಸಬೇಕು. ದಿಕ್ಕಿಲ್ಲದ ಹೆಣಕ್ಕ ಹಂಗ ಮಾಡ್ತಾರ.”

ಬಾಗಿಲ ಬಳಿ ಕುಳಿತಿದ್ದ ಮುದುಕಿಯೊಬ್ಬಳು ನಿಟ್ಟುಸಿರುಬಿಟ್ಟಳು. “ಹೌದ ಹೇಳವಾ. ಹೊಟ್ಟ್ಯಾಗ ಹುಟ್ಟಲಿಲ್ಲ, ತವರಾಗ ಉಳೀಲಿಲ್ಲ. ಯಾರೂ ಇಲ್ಲದಾಕಿ.”

“ನಾ ಯಾರು ಮತ್ತ?” ಎಂದ ಜಗದೀಶ.

“ನೀ ಹೊಳೆವ್ವನ ಮಗನಪಾ.”

ಹೊಳೆವ್ವ ಯಂಕವ್ವನ ಕಡೆ ನೋಡಿದಳು. ಯಾರೂ ಇಲ್ಲದಾಕಿ! ಈ ಮನೆಯ ಚಿಲಕ, ಒರಳು, ಉಪ್ಪಿನ ಗಡಿಗೆ ಕೂಡ ಆಕೆಯ ಕೈ ಗುರುತು ಹಿಡಿಯುತ್ತಿದ್ದವು. ಆಕೆಯನ್ನು ಹಾದಿಹೋಕರ ಸೀರೆ ಹೊಚ್ಚಿ ಕಳಿಸುತ್ತಾರಂತೆ. ಹೊಳೆವ್ವ ಬೆಕ್ಕನ್ನೆತ್ತಿಕೊಂಡು ಮತ್ತೆ ಹಿತ್ತಲಿಗೆ ನಡೆದಳು.

*

ಹಿತ್ತಲಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ. ಅವರೆಬಳ್ಳಿ ನೇರಳೆ ಹೂ ಬಿಟ್ಟುಕೊಂಡು ಬೇಲಿಯ ಮೇಲೆ ಹರಡಿತ್ತು. ನಿನ್ನೆ ಯಂಕವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರವಿದ್ದ ಹೀರೇಬೀಜ ಹಾಗೇ ಒಣಗುತ್ತಿದ್ದವು. ಚೆಂಡುಹೂವಿನ ಸಾಲಿನ ಮೇಲೆ ಚಿಟ್ಟೆಗಳು ಏಳುತ್ತಿದ್ದವು, ಕೂಡುತ್ತಿದ್ದವು. ನಸುಕಿನ ಚಹಾ ಆದ ಮೇಲೆ ಒಲೆ ಹೊತ್ತಿಸಿರಲಿಲ್ಲವಾದ್ದರಿಂದ ಹೊಗೆಯಿಲ್ಲ; ಒಳಗಿನ ಅಳು ದೂರದ ಊರಿನದೆಂಬಂತೆ ಕೇಳುತ್ತಿತ್ತು. ಬೇವಿನ ಮರದಿಂದ ಹಣ್ಣೆಲೆ ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ಕೆಳಗೆ ಬರುತ್ತಿತ್ತು.

ಹೊಳೆವ್ವ ಹೀರೇಬೀಜ ತಿರುವಿ ಹಾಕಿದಳು. ಒಣಗಿದ ಎಲೆ ಗುಡಿಸಿದಳು. ಚೆಂಡುಹೂವಿನ ಗಿಡಗಳಿಗೆ ಒಂದಷ್ಟು ನೀರು ಹಾಕಿದಳು. ಕೆಲಸ ಮಾಡುತ್ತ ಮಾಡುತ್ತ ನಿದ್ದೆಗಣ್ಣಲ್ಲಿ ನಡೆಯುವವಳಂತಾದಳು. ಈಗ ಒಳಗಿನಿಂದ ಕರೆ ಬರುತ್ತದೆ: ‘ಹೊಳೆವ್ವಾ, ಸವಣೂರ ಖಾರಾ ಉಳದೈತೇನ, ತಿನ್ನಾಕ ಒಂದು ಹಿಡಿ ಕೊಡು.’ ಬಂದೇ ಬರುತ್ತದೆ ಎನ್ನಿಸಿ ಕಿವಿಗೊಟ್ಟು ನಿಂತಳು. ಬೆಕ್ಕೂ ಕಿವಿ ನೆಟ್ಟಗೆ ಮಾಡಿತ್ತು.

ಬೇವಿನ ಕೊಂಬೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಆದ ಕಚ್ಚು ಕಾಣುತ್ತಿತ್ತು. ಹೊಳೆವ್ವ ಅದನ್ನೇ ನೋಡುತ್ತ ಕುಳಿತಳು.

*

ಅದು ಹೊಳೆವ್ವ ಈ ಮನೆಗೆ ಬಂದ ಮೊದಲ ನಾಗರಪಂಚಮಿ. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಿದ್ದರು. ತಾಯಿತಂದೆ ಇಲ್ಲದ ಹೊಳೆವ್ವನನ್ನು ಶಿಗ್ಗಾವಿಯಲ್ಲಿ ಸಾಕಿದ ಸೋದರಮಾವ, ಸವತಿಯ ಮೇಲೆ ಕೊಟ್ಟು ಕೈ ತೊಳೆದುಕೊಂಡಿದ್ದ; ಕರೆಯಲು ಬರಲಿಲ್ಲ. ಯಂಕವ್ವನನ್ನು ಕರೆಯಲು ಹಿರೇಕೆರೂರಿನಿಂದ ಅಣ್ಣ ಬಂದ. “ಈ ವರ್ಷ ಬರಾಕ ಆಗೂದಿಲ್ಲಣ್ಣ,” ಎಂದು ಯಂಕವ್ವ ಅವನಿಗೆ ಊಟ ಹಾಕಿ ಕಳಿಸಿಬಿಟ್ಟಳು. ಗಂಡನನ್ನು ತನ್ನಿಂದ ಕಾಯಲು ಉಳಿದಳೆಂದು ಹೊಳೆವ್ವ ಒಳಗೊಳಗೇ ಕುದಿದಳು.

ಮರುದಿನ ಬೆಳಗ್ಗೆ ಯಂಕವ್ವ ಬಂದು ಹೊದಿಕೆ ಎಳೆದಳು. “ಏಳ, ಚಲೋ ಸೀರಿ ಉಟ್ಕೋ. ತವರಿಗೆ ಹೋಗೂನು.”

“ಯಾರ ತವರಿಗೆ?”

“ನಿನ್ನ ತವರಿಗೆ.”

ಕೈ ಹಿಡಿದುಕೊಂಡು ಮುಂಬಾಗಿಲಿನಿಂದ ಹೊರಟಳು. ಓಣಿ ದಾಟಿ, ಗುಡಿ ದಾಟಿ, ಕೆರೆಯ ದಂಡೆಗುಂಟ ಸುತ್ತು ಹಾಕಿ, ಕೊನೆಗೆ ತಮ್ಮದೇ ಹಿತ್ತಲ ಬಾಗಿಲಿಗೆ ತಂದು ನಿಲ್ಲಿಸಿದಳು. “ಇಲ್ಲೇ ನಿಲ್ಲು, ಒಳಗ ಬರಬ್ಯಾಡ,” ಎಂದು ಓಡಿಹೋಗಿ ತಂಬಿಗೆಯಲ್ಲಿ ನೀರು ತಂದಳು. ಬಗ್ಗಿ, ಸವತಿಯ ಕಾಲಿಗೆ ನೀರು ಸುರಿದಳು.

“ಬಾರವ್ವ ನನ ಮಗಳ. ಎಷ್ಟು ದೂರದಿಂದ ಬಂದಿ. ಕಾಲ ನೋವಾದವೇನ?”

ಬೇವಿನ ಮರಕ್ಕೆ ಜೋಕಾಲಿ ಕಟ್ಟಿಯಾಗಿತ್ತು. ಶೇಂಗಾದ ಉಂಡಿ ಬಾಯಿಗಿಟ್ಟು, ಹೊಸ ಸೀರೆ ಮಡಿಲಿಗಿಟ್ಟು ಯಂಕವ್ವ ಹೇಳಿದಳು: “ಮನಿ ಒಳಗ ನಾ ನಿನಗ ಸವತಿ. ಇಲ್ಲಿ ನಾ ನಿನ್ನ ಅಕ್ಕ. ಈ ಹಿತ್ತಲ ನಿನ್ನ ತವರು. ಇಲ್ಲಿ ಎಷ್ಟು ಬೇಕಾದ್ರೂ ಅಳು, ಎಷ್ಟು ಬೇಕಾದ್ರೂ ನನ್ನ ಬೈ.” ಹೊಳೆವ್ವ ಅಂದು ಬಾಯ್ತುಂಬ ಉಂಡಿ ಇಟ್ಟುಕೊಂಡೇ ಅತ್ತಳು.

ಅಲ್ಲಿಂದ ಮುಂದೆ ಪ್ರತಿ ಪಂಚಮಿಗೂ ಅದೇ ಪದ್ಧತಿ. ಸೊಸೆ ಭಾಗ್ಯಶ್ರೀ ಮನೆಗೆ ಬಂದ ಹೊಸದರಲ್ಲಿ, ಅತ್ತೆಯಂದಿರಿಬ್ಬರು ಊರು ಸುತ್ತಿ ತಮ್ಮ ಹಿತ್ತಲಿಗೇ ಬಂದು ಕಾಲು ತೊಳೆಯುವುದನ್ನು ಕಂಡು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಮಂಡಿ ಸೋತ ಮೇಲೆ ಕೆರೆಯ ಸುತ್ತು ಬಿಟ್ಟುಹೋಯಿತು. ಆದರೂ ಮನೆಯೊಳಗಿನಿಂದ ಹಿತ್ತಲಿಗೆ ಹೋಗಲು ಮಾತ್ರ ಯಂಕವ್ವ ಒಪ್ಪಲಿಲ್ಲ; ತವರಿಗೆ ಅಡುಗೆಮನೆ ಹಾದು ಹೋಗುತ್ತಾರೇನು?

ಈ ವರ್ಷದ ಪಂಚಮಿಗೆ ಬದನೇಕಾಯಿ ಬಣ್ಣದ ಇಳಕಲ್ ಸೀರೆ ಕೊಟ್ಟಳು. ಹೊಳೆವ್ವ ಅದನ್ನು ಮೂಸಿ ನೋಡಿ, “ಇದನ್ನ ಉಡೂದಿಲ್ಲಕ್ಕ. ನಾ ಮಣ್ಣಿಗೆ ಹೋಗೂಮುಂದ ಮೈಮ್ಯಾಲ ಇರಲಿ. ನನಗೂ ತವರಿನ ಸೀರಿ ಐತಿ ಅಂತ ಊರು ನೋಡಲಿ,” ಎಂದಿದ್ದಳು.

“ಮೊದಲ ನಾ ಹೊಕ್ಕೇನಿ, ಹುಚ್ಚಿ,” ಎಂದಿದ್ದಳು ಯಂಕವ್ವ.

*

ಒಳಗಿನಿಂದ ಪರಮೇಶಪ್ಪನ ದನಿ ಬಂತು. “ಹೊತ್ತಾತು. ಜಗದೀಶ, ಬಸ್‌ಸ್ಟ್ಯಾಂಡಿಗೆ ಯಾರನ್ನರ ಕಳಸು.”

ಹೊಳೆವ್ವ ಎದ್ದಳು. ಹಿಂದಿನ ಕೋಣೆಗೆ ಹೋಗಿ ಟ್ರಂಕು ತೆಗೆದಳು. ಬೇವಿನೆಲೆ ಹಾಕಿಟ್ಟ ಸೀರೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ಅದನ್ನು ಎದೆಗವಚಿಕೊಂಡು ಒಂದು ಗಳಿಗೆ ನಿಂತಳು. ಇದು ಹೋದರೆ ತನಗಿಲ್ಲ. ಇನ್ನೊಂದು ಕೊಡುವವಳೂ ಇಲ್ಲ. ಅಳು ಬಂತು; ತನಗಾಗಿ ಬಂತೋ ಅಕ್ಕನಿಗಾಗಿ ಬಂತೋ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು, ಈಗಷ್ಟೇ ನೀರು ಹಾಕಿದ ಹಸಿಮಣ್ಣು ತುಳಿದುಕೊಂಡು, ಹಿತ್ತಲ ಬಾಗಿಲಿನಿಂದ ಹೊರಬಿದ್ದಳು.

ಕೆರೆಯ ಸುತ್ತು ಬಿಡಲಿಲ್ಲ. ಮಂಡಿ ಬೇಡವೆಂದರೂ ಬಿಡಲಿಲ್ಲ. ರಸ್ತೆಯುದ್ದಕ್ಕೂ ಗೋವಿನಜೋಳ ಒಣಹಾಕಿದ್ದರು; ಅಂಚಿಗುಂಟ ನಡೆದಳು. ನೀರಿನ ಮೇಲೆ ಬಿಸಿಲು ಮಲಗಿತ್ತು. ಹಿಂದೆ ಬೆಕ್ಕು ಮಿಯಾಂವ್ ಎಂದಿತು. “ನೀನೂ ಬಂದೇನ? ಬಾ,” ಎಂದಳು. ಪಕ್ಕದಲ್ಲಿ ಇನ್ನೂ ಒಬ್ಬರು ನಡೆಯುತ್ತಿದ್ದಾರೆ, ತಿರುಗಿ ನೋಡಿದರೆ ಇರುವುದಿಲ್ಲ ಎನ್ನಿಸಿ, ಗುಡಿ ದಾಟುವ ತನಕ ತಿರುಗಿ ನೋಡಲೇ ಇಲ್ಲ.

ಮುಂಬಾಗಿಲಿನೆದುರು ಜನ ನಿಂತಿದ್ದರು. ಸೀರೆ ಹಿಡಿದು, ಬೆಕ್ಕು ಕಟ್ಟಿಕೊಂಡು ಬಂದ ಹೊಳೆವ್ವನನ್ನು ಕಂಡು ದಾರಿ ಬಿಡುವುದನ್ನೂ ಮರೆತರು.

“ಎಲ್ಲಿ ಹೋಗಿದ್ದೆವಾ?” ಎಂದ ಪರಮೇಶಪ್ಪ.

“ಹೋಗಿಲ್ಲರಿ, ಬಂದೇನಿ. ಯಂಕವ್ವನ ತವರಿನಿಂದ ಬಂದೇನಿ. ಸೀರಿ ತಂದೇನಿ.”

“ನಿನಗೇನು ತಲಿ ಕೆಟ್ಟತೇನು? ನೀ ಈ ಮನಿ ಸೊಸಿ.”

“ಈ ಮನಿ ಸೊಸಿ ಹೌದ್ರಿ. ನನಗ ತವರಿಲ್ಲಂತ ಅಕ್ಕ ಹಿತ್ತಲದಾಗ ತವರು ಮಾಡಿಕೊಟ್ಟಾಳ. ಅಕ್ಕ ತಂಗಿಗೆ ಬ್ಯಾರೆ ಬ್ಯಾರೆ ತವರು ಇರ್ತಾವೇನ್ರಿ ಭಾವಾರ? ನಂದು ಯಾವುದೋ ಆಕಿದೂ ಅದ.” ಸೀರೆ ಎತ್ತಿ ತೋರಿಸಿದಳು. “ಯಾರೂ ಇಲ್ಲದಾಕಿ ಅನಬ್ಯಾಡ್ರಿ ನಮ್ಮಕ್ಕಗ.”

ಪಂಚಮಿಯಲ್ಲಿ ಹೊಳೆವ್ವ ತೋರಿಸಿದ್ದ ಸೀರೆಯನ್ನು ಗುರುತು ಹಿಡಿದ ಮುದುಕಿ ಮೆಲ್ಲಗೆ ಕೇಳಿದಳು. “ಅದನ್ನ ನಿನ್ನ ಮಣ್ಣಿಗಂತ ಇಟ್ಟಿದ್ದೆಲ್ಲವಾ. ನಾಳೆ ನಿನಗ ಯಾರು ತರ್ತಾರ?”

ಹೊಳೆವ್ವ ಸೀರೆಯ ಮಡಿಕೆ ಸರಿಮಾಡಿಕೊಂಡಳು.

ಆಗ ಭಾಗ್ಯಶ್ರೀ ಒಳಗಿನಿಂದ ಬಂದಳು. ಕೈಯಲ್ಲಿ ತಂಬಿಗೆ. ಯಾರ ಮುಖವನ್ನೂ ನೋಡದೆ, ಬಗ್ಗಿ, ಅತ್ತೆಯ ಕಾಲ ಮೇಲೆ ನೀರು ಸುರಿದಳು. ಹಿತ್ತಲ ಮಣ್ಣು ಕರಗಿ ಹೊಸ್ತಿಲ ಕೆಳಗೆ ಹರಿಯಿತು.

“ದೂರದಿಂದ ಬಂದ್ರಿ. ಒಳಗ ಬರ್ರಿ,” ಎಂದಳು.

ಕಾಲಿಗೆ ನೀರು ಕೊಟ್ಟ ಮೇಲೆ ಬೀಗರು ಬೀಗರೇ. ಶಾಸ್ತ್ರ ಬಲ್ಲ ಪರಮೇಶಪ್ಪನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣಿಗೊತ್ತಿಕೊಂಡು ಗದರಿಸಿದ. “ಏನು ನೋಡಾಕತ್ತೀರಿ? ತವರಿನವರು ಬಂದಾರ. ದಾರಿ ಬಿಡ್ರಿ!”

ಸೀರೆ ಬಿಚ್ಚಿದಾಗ ಒಣಗಿದ ಬೇವಿನೆಲೆ ಯಂಕವ್ವನ ಮಡಿಲಿಗೆ ಉದುರಿದವು. ಬೆಕ್ಕು ಅಲ್ಲೇ ಕುಳಿತು ನೋಡಿತು. ಯಾರೂ ಅದನ್ನು ಓಡಿಸಲಿಲ್ಲ.

*

ಮಣ್ಣು ಮುಗಿಸಿ ಬಂದಾಗ ಹೊತ್ತು ಇಳಿದಿತ್ತು. ಪಡಸಾಲೆ ತೊಳೆದು, ಯಂಕವ್ವ ಕೂಡುತ್ತಿದ್ದ ಜಾಗದಲ್ಲಿ ಹಣತೆ ಹಚ್ಚಿದ್ದರು. ಪಕ್ಕದ ಮನೆಯವರು ರೊಟ್ಟಿ, ಪಲ್ಯ ತಂದಿಟ್ಟಿದ್ದರು.

ಪರಮೇಶಪ್ಪ ಕೆಮ್ಮಿದ. “ಹೊಳೆವ್ವ, ಒಂದು ಮಾತು. ಮಣ್ಣಿಗೆ ಬಂದ ತವರಿನವರು ದೀಪಾ ನೋಡಿ ಹೇಳದ ಎದ್ದು ಹೋಗಬೇಕು. ಕೂತು ಉಣ್ಣಾಂಗಿಲ್ಲ.”

“ದೊಡ್ಡಪ್ಪ, ಸಾಕು ಮಾಡ್ರಿನ್ನ,” ಎಂದ ಜಗದೀಶ.

“ಅವರು ಹೇಳೂದು ಖರೇ ಐತಿ,” ಎಂದಳು ಹೊಳೆವ್ವ.

ಹಣತೆಗೆ ಕೈಮುಗಿದಳು. ಹೋಗಿ ಬರುತ್ತೇನೆ ಎನ್ನದೆ, ಸತ್ತ ಮನೆಯಿಂದ ಹೋಗುವವರ ಹಾಗೆ ಸುಮ್ಮನೆ ಮುಂಬಾಗಿಲು ದಾಟಿದಳು. ಸಂಜೆಯ ಬೆಳಕು ಕೆರೆಯ ಮೇಲೆ ಇನ್ನೂ ಸ್ವಲ್ಪ ಉಳಿದಿತ್ತು. ದಾರಿ ಬಹಳ ಉದ್ದವಾಗಿತ್ತು. ಇಷ್ಟು ವರ್ಷ ಈ ಸುತ್ತಿನ ಕೊನೆಗೆ ಓಡಿಹೋಗಿ ನೀರು ತರುವವಳೊಬ್ಬಳು ಜೊತೆಗಿರುತ್ತಿದ್ದಳು. ಈಗ ಹೋಗಿ ತಾನೇ ಬಾಗಿಲು ದೂಡಬೇಕು, ಮಣ್ಣುಗಾಲಲ್ಲೇ ಒಳಗೆ ಕಾಲಿಡಬೇಕು. ತವರು ಮುಗಿಯಿತು ಎಂದುಕೊಂಡಳು. ಓಣಿಯ ತಿರುವಿನಲ್ಲಿ ಗೋಡೆ ಹಿಡಿದುಕೊಂಡು ಹಿತ್ತಲ ಕಡೆ ತಿರುಗಿದಳು.

ಹಿತ್ತಲ ಬಾಗಿಲು ತೆರೆದಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಭಾಗ್ಯಶ್ರೀಯ ನೆರಳು ಆಡುತ್ತಿತ್ತು. ಬಾಗಿಲ ಪಕ್ಕದ ಕಲ್ಲಿನ ಮೇಲೆ ಒಂದು ತಂಬಿಗೆ, ಕಂಠದ ತನಕ ನೀರು. ಅವಳಿಗಿಂತ ಮುಂಚೆ ಬಂದು ಮುಟ್ಟಿದ ಬೆಕ್ಕು, ಅದಕ್ಕೆ ಮೂತಿಯಿಟ್ಟು ನೀರು ಕುಡಿಯುತ್ತಿತ್ತು.